ಗದ್ದ ಎತ್ತುವ ಡಾಕ್ಟರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಕಾರು ಓಡಿಸುವ, ಮಂಪರು ಮದ್ದಿನ ಡಾಕ್ಟರು ಇಮ್ತಿಯಾಝರಿಗೆ ಜನರ ಮುಖ ನೆನಪಿರುವುದಿಲ್ಲ, ಗದ್ದ ನೆನಪಿರುತ್ತದೆ. ಮೆಲ್ಕಾರಿನ ಮದುವೆ ಹಾಲ್‌ನಲ್ಲಿ ಎಲ್ಲರೂ ಮದುಮಗನ ಸೂಟು ಹೊಗಳುತ್ತಿದ್ದರೆ ಇವರು, "ಗದ್ದ ಸಣ್ಣದು, ಕುತ್ತಿಗೆ ಗಿಡ್ಡ, ಇವನನ್ನು ಮದ್ದು ಕೊಟ್ಟು ಮಲಗಿಸುವುದು ಸ್ವಲ್ಪ ಕಷ್ಟ ಉಂಟು" ಎನ್ನುತ್ತಾರೆ. ಸೆಲೂನಿನಲ್ಲಿ ತಲೆ ಬಾಗಿಸಿ ಗೊರಕೆ ಹೊಡೆಯುವ ಅಪರಿಚಿತನ ಗದ್ದವನ್ನೂ ಎರಡು ಬೆರಳಲ್ಲಿ ಮೇಲೆತ್ತಿ, "ಗೊರಕೆ ಅಂದ್ರೆ ಸುಖನಿದ್ದೆ ಅಲ್ಲ ಮಾರಾಯರೆ, ಗಾಳಿಗೆ ದಾರಿ ಸಾಲುವುದಿಲ್ಲ ಅಂತ" ಎಂದು ತಿಳಿಹೇಳುತ್ತಾರೆ. ಎಂಡೋಸ್ಕೋಪಿಯ ಹೊತ್ತಿಗೆ ಎಲ್ಲರ ಕಣ್ಣು ಪರದೆಯ ಮೇಲಿದ್ದರೆ ಇವರದು ರೋಗಿಯ ಎದೆಯ ಮೇಲೆ. ನಾಲಿಗೆ ಹಿಂದೆ ಜಾರಿ ಉಸಿರು ಕಟ್ಟದಂತೆ ಗದ್ದ ಎತ್ತಿ ಹಿಡಿದ ಆ ಎರಡು ಬೆರಳು, ರೋಗಿ ಎಚ್ಚರಾಗಿ ತನ್ನ ಹೆಸರು ಹೇಳುವವರೆಗೆ ಕದಲುವುದಿಲ್ಲ. ಹೋದ ವರ್ಷ ಅವರ ಉಮ್ಮ, ಹೆತ್ತ ತಾಯಿ, ಮನೆಯಲ್ಲೇ ತೀರಿಕೊಂಡರು. ಬಾಯಿ ತೆರೆದುಕೊಳ್ಳದಂತೆ ಗದ್ದ ಸೇರಿಸಿ ತಲೆಗೆ ಕಟ್ಟಲು ಸೋದರಮಾವ ಮೊಯಿದಿನಬ್ಬ ಬಿಳಿ ಬಟ್ಟೆ ಹಿಡಿದು ಬಂದಾಗ, ಡಾಕ್ಟರು ಉಮ್ಮನ ಗದ್ದ ಎತ್ತಿ ಹಿಡಿದೇ ಕೂತಿದ್ದರು. "ಕೈ ತೆಗಿ ಮೋನೆ, ಕಟ್ಟುವ" ಎಂದರು ಮಾವ. "ತೆಗೀತೇನೆ ಮಾಮ" ಎಂದರು ಡಾಕ್ಟರು. ಹಾಗೆ ಹೇಳಿದ ಮೇಲೂ ಆ ಎರಡು ಬೆರಳನ್ನು ಮಾವನೇ ಬಿಡಿಸಬೇಕಾಯಿತು.