ಕಿಟಕಿಯಾಚೆ ಕೇಳಿಸಿಕೊಂಡ ಸೋಹಂ

ಫಗ್ಣು ದಾಸನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಫಾಲ್ಗುಣದಲ್ಲಿ ಹುಟ್ಟಿದ್ದರಿಂದ ಆ ಹೆಸರು. ಹನ್ನೊಂದನೇ ದಿನಕ್ಕೇ ತೊಟ್ಟಿಲಿಂದ ಉರುಳಿಬಿದ್ದ ಮಗು ಎಂದು ಅವನ ತಾಯಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಉತ್ತರಕಾಶಿಯ ಔಜಿಗಳ ಕೇರಿಯವನು. ಔಜಿಗಳೆಂದರೆ ದೇವರ ಪಲ್ಲಕ್ಕಿಯ ಮುಂದೆ ವಾದ್ಯ ನುಡಿಸುವವರು, ಉಳಿದ ದಿನಗಳಲ್ಲಿ ಬಟ್ಟೆ ಹೊಲಿಯುವವರು. ಅವರು ನುಡಿಸದೆ ದೇವರು ಗುಡಿ ಬಿಟ್ಟು ಹೊರಡುವುದಿಲ್ಲ, ಅವರು ಮಾತ್ರ ಗುಡಿಯ ಹೊಸಿಲು ತುಳಿಯುವಂತಿಲ್ಲ. ಫಗ್ಣುವಿನ ಪಾಲಿಗೆ ಬಂದದ್ದು ರಣಸಿಂಗ, ಹಾವಿನ ಹಾಗೆ ಬಾಗಿದ ತಾಮ್ರದ ಕಹಳೆ. ಒಂದೇ ಉಸಿರಿಗೆ ಅವನು ಅದನ್ನು ಊದಿದರೆ ಪಲ್ಲಕ್ಕಿ ಹೊತ್ತವರು ಸೇತುವೆಯ ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟುತ್ತಿದ್ದರು.

ನಲವತ್ತೆರಡನೇ ವಯಸ್ಸಿನಲ್ಲಿ ಎದೆಗೆ ಕ್ಷಯ ಬಂತು. ಒಂಬತ್ತು ತಿಂಗಳು ಮಾತ್ರೆ ನುಂಗಿದ ಮೇಲೆ ರೋಗ ಹೋಯಿತು, ಆದರೆ ಬಲಗಡೆಯ ಶ್ವಾಸಕೋಶದ ಅರ್ಧವನ್ನು ತಿಂದುಕೊಂಡೇ ಹೋಯಿತು. ರಣಸಿಂಗ ಚಿಕ್ಕಪ್ಪನ ಮಕ್ಕಳ ಮನೆ ಸೇರಿತು. ಫಗ್ಣು ಗಂಗೆಯ ದಡದ ಒಂದು ಆಶ್ರಮದ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸಾಧುಗಳ ಕಾವಿ ಅಂಗಿ, ದಿಂಬಿನ ಚೀಲ, ಹಾಸುಗಳನ್ನು ಹೊಲಿಯತೊಡಗಿದ. ಗಳಿಗೆಗೊಮ್ಮೆ ಎದ್ದು ಹೊಳೆ ನೋಡಿ ಬರುವುದು, ನಾಲ್ಕು ಹೊಲಿಗೆ ಹಾಕಿ ಅಡುಗೆಮನೆಯವರ ಜೊತೆ ಜಗಳ ತೆಗೆಯುವುದು, ಮತ್ತೆ ಬಂದು ಕೂರುವುದು. ಆಶ್ರಮದ ಉಗ್ರಾಣ ನೋಡಿಕೊಳ್ಳುತ್ತಿದ್ದ ಬಡೋನಿ, "ಲೋ ಫಗ್ಣು, ನಿನ್ನ ತಿಕದಲ್ಲೇನು ಸ್ಪ್ರಿಂಗ್ ಇಟ್ಟಿದಾರೇನೋ?" ಎಂದು ಬೈಯುತ್ತಿದ್ದ.

ಆ ವರ್ಷ ಚೈತ್ರದಲ್ಲಿ ಆಶ್ರಮದ ಗುರುಗಳು, ಎಲ್ಲರೂ ದೊಡ್ಡ ಮಹಾರಾಜರು ಎನ್ನುತ್ತಿದ್ದ ಸ್ವಾಮಿಗಳು, ಒಂದು ತಿಂಗಳ ಧ್ಯಾನ ಶಿಬಿರ ಇಟ್ಟರು. ದಿಲ್ಲಿ, ಲಖನೌ ಕಡೆಯ ನಲವತ್ತು ಜನ ಹಜಾರದಲ್ಲಿ ಸಾಲಾಗಿ ಕೂತರು. ಹಜಾರದ ಕಿಟಕಿ ಇದ್ದದ್ದು ಸರಿಯಾಗಿ ಫಗ್ಣುವಿನ ಯಂತ್ರದ ಬೆನ್ನಿಗೆ. ಮಹಾರಾಜರ ಮಾತು ಅರ್ಧ ಅವನ ಕಿವಿಗೆ ಬೀಳುತ್ತಿತ್ತು, ಅರ್ಧ ಹೊಳೆಯ ಸದ್ದಿಗೆ ಹೋಗುತ್ತಿತ್ತು. ಉಸಿರು ಒಳಗೆ ಬರುವಾಗ ಒಂದು ಅಕ್ಷರ, ಹೊರಗೆ ಹೋಗುವಾಗ ಒಂದು. ಬಾಯಿ ಆಡಿಸಬೇಡಿ, ಮಣಿ ಎಣಿಸಬೇಡಿ, ಅದು ತಾನಾಗಿ ಜಪ ಆಗುತ್ತದೆ, ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು ಸಲ. ಜೊತೆಗೆ ಇನ್ನೊಂದು ಮಾತೂ ಕೇಳಿಸಿತು: ಗುರುವಿನಿಂದ ಪಡೆಯದ ಮಂತ್ರ ಫಲ ಕೊಡುವುದಿಲ್ಲ.

ಫಗ್ಣು ಫಲ ಕೇಳಿದವನಲ್ಲ. ಉಸಿರಿನ ಮಾತು ಎಂದು ಕಿವಿ ನಿಮಿರಿತ್ತು, ಅಷ್ಟೆ. ಇದ್ದ ಒಂದೂವರೆ ಶ್ವಾಸಕೋಶಕ್ಕೆ ಏನಾದರೂ ದಾರಿಯಾದೀತೆಂದು ಯಂತ್ರದ ಪೆಡಲು ತುಳಿಯುತ್ತಲೇ ಶುರು ಮಾಡಿದ. ಒಳಗೆ ಹಂ, ಹೊರಗೆ ಸೋ. ಮೂರು ದಿನ ಬಹಳ ಚೆನ್ನಾಗಿತ್ತು. ಹೊಲಿಗೆ ನೆಟ್ಟಗೆ ಓಡಿತು. ಅಡುಗೆಮನೆಯವರು ಇವನಿಗೆ ಹುಷಾರಿಲ್ಲವೇನೋ ಎಂದುಕೊಂಡರು.

ನಾಲ್ಕನೇ ದಿನ ಊಟಕ್ಕೆ ಕೂತಾಗ ಬಂತು ಪೇಚು. ತುತ್ತು ಬಾಯಿಗಿಟ್ಟಾಗಲೂ ಉಸಿರಿನ ಮೇಲಿನ ಕಣ್ಣು ಕೀಳಲಾಗಲಿಲ್ಲ. ನೋಡುತ್ತಿದ್ದಂತೆ ಉಸಿರು ನಿಂತ ಹಾಗಾಯಿತು. ಎಳೆದುಕೊಂಡ, ಬಂತು. ಬಿಟ್ಟ, ಹೋಯಿತು. ಮತ್ತೆ ನಿಂತಿತು. ಮತ್ತೆ ಎಳೆದ. ಅಲ್ಲಿಂದ ಮುಂದೆ ಪ್ರತಿಯೊಂದು ಉಸಿರನ್ನೂ ತಾನೇ ಸೇದಬೇಕಾಯಿತು, ಬಾವಿಯಿಂದ ಕೊಡ ಸೇದಿದ ಹಾಗೆ. ಮರೆತರೆ? ಮರೆತರೆ ಎಳೆಯುವವರು ಯಾರು? ಆ ಯೋಚನೆ ಬಂದದ್ದೇ ತಡ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿ ಬಾಯಿ ಅಗಲಿಸಿ ಉಸಿರು ಸೇದತೊಡಗಿದ.

"ಏನ್ರೀ ಅದು, ಮೀನು ಬಾಯಿ ಬಿಟ್ಟ ಹಾಗೆ ಬಿಡ್ತಾ ಇದೀರಿ?" ಎಂದಳು ಹೆಂಡತಿ ಬೈಸಾಖಿ. ಎದುರಿಗೆ ರಾಗಿ ರೊಟ್ಟಿ, ಹುರುಳಿ ಸಾರು ಆರುತ್ತಿತ್ತು.

"ಉಸಿರಾಡ್ತಾ ಇದೀನಿ ಕಣೇ."

"ಊರೋರೆಲ್ಲ ಉಸಿರಾಡ್ತಾರೆ. ಹಿಂಗೆ ಯಾರೂ ಶ್ರಮಪಡಲ್ಲ."

ಎಂಟು ದಿನದಲ್ಲಿ ಅವನ ಕಣ್ಣು ಗುಳಿಬಿದ್ದವು. ಮಾತಾಡುವಾಗ ನಡುನಡುವೆ ತಡೆದು ಉಸಿರು ನೋಡಿಕೊಳ್ಳುತ್ತಿದ್ದ. ಒಂದು ಅಂಗಿಯ ಎರಡೂ ತೋಳಿನ ಬಾಯಿ ಮುಚ್ಚಿ ಹೊಲಿದ. ಸೂಜಿ ತೋರುಬೆರಳಿನ ಉಗುರಿನಲ್ಲೇ ಇಳಿಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಹೊಸದಾಗಿ ಏನೂ ಇಲ್ಲ, ಹೋಗಿ ಕೆಲಸ ಮಾಡ್ಕೋ" ಎಂದರು. ಫಗ್ಣುವಿಗೆ ಖಾತ್ರಿಯಾಯಿತು: ಇದು ರೋಗ ಅಲ್ಲ, ಶಿಕ್ಷೆ. ಕೊಡದ ಮಂತ್ರವನ್ನು ಕಿಟಕಿಯಿಂದ ಕದ್ದದ್ದಕ್ಕೆ ಸಿಕ್ಕಿದ್ದು.

ಹಾಗಾದರೆ ವಾಪಸು ಕೊಟ್ಟುಬಿಡುವುದು. ಮಾರನೆಯ ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಒಗೆದ ಟೋಪಿ ಹಾಕಿಕೊಂಡು ಹಜಾರದ ಬಾಗಿಲಿಗೆ ಹೋಗಿ ನಿಂತ. ಬಡೋನಿ ಅಡ್ಡ ಬಂದ.

"ಎಲ್ಲಿಗೆ ಸವಾರಿ?"

"ಮಹಾರಾಜರನ್ನ ಕಾಣಬೇಕು, ಬಡೋನಿಜೀ. ಅವರದೊಂದು ವಸ್ತು ನನ್ನ ಹತ್ರ ಇದೆ. ವಾಪಸ್ ಕೊಡಬೇಕು."

"ಏನು ಕದ್ದೆ? ಬಟ್ಟೆನಾ?"

"ಮಂತ್ರ."

ಬಡೋನಿ ನಗುವುದೋ ಹೊಡೆಯುವುದೋ ತಿಳಿಯದೆ ನಿಂತ. ಅಷ್ಟರಲ್ಲಿ ಮಹಾರಾಜರೇ ಹೊರಗೆ ಬಂದರು. ಫಗ್ಣು ನೆಲದ ಮೇಲೆ ಹಣೆಯಿಟ್ಟು, ಉಸಿರಿಗೆ ತಡೆತಡೆದು ಎಲ್ಲವನ್ನೂ ಒಪ್ಪಿಕೊಂಡ. ಮಹಾರಾಜರು ಸಿಟ್ಟಾಗಲಿಲ್ಲ. "ಯಾವುದಕ್ಕೂ ಒಂದು ಕ್ರಮ ಅಂತ ಇರುತ್ತಪ್ಪ. ಗುರುಪೂರ್ಣಿಮೆ ಬರಲಿ, ನೋಡೋಣ. ಅಲ್ಲೀತನಕ ರಾಮ ರಾಮ ಅನ್ನು" ಎಂದು ಹೇಳಿ ಒಳಗೆ ಹೋದರು. ಗುರುಪೂರ್ಣಿಮೆಗೆ ಇನ್ನೂ ಮೂರು ತಿಂಗಳಿತ್ತು. ಅಲ್ಲೀತನಕ ಎಷ್ಟು ಉಸಿರು ಸೇದಬೇಕೆಂದು ಲೆಕ್ಕ ಹಾಕಹೋಗಿ ಫಗ್ಣುವಿಗೆ ತಲೆ ಸುತ್ತಿತು.

ಮಧ್ಯಾಹ್ನಕ್ಕೆ ಬಡೋನಿ ಕಿಟಕಿಗೆ ಹಲಗೆ ಹೊಡೆಸಿದ. ಹೊಲಿಗೆ ಯಂತ್ರವನ್ನು ಅಡುಗೆಮನೆಯ ಹಿಂದೆ, ಸೌದೆ ಒಟ್ಟುವ ಕಡೆ ಇಡಿಸಿದ. "ಇಲ್ಲಿ ಕದಿಯೋಕೆ ಬೇಳೆ ಸಾರಿನ ವಾಸನೆ ಬಿಟ್ಟು ಬೇರೇನೂ ಇಲ್ಲ" ಎಂದ. ಫಗ್ಣುವಿಗೆ ಕಣ್ಣೀರು ಬಂತು, ಆದರೆ ಅಳುವುದಕ್ಕೂ ಉಸಿರು ಬೇಕಲ್ಲ. ಅದನ್ನೂ ನೋಡಿಕೊಂಡೇ ಅತ್ತ.

ಕೇದಾರಗಿರಿ ಮಾಯಿ ಅಲ್ಲಿಗೆ ಬಂದದ್ದು ಹರಿದ ಕಂಬಳಿ ಅಂಗಿ ಹಿಡಿದುಕೊಂಡು. ಎಪ್ಪತ್ತು ದಾಟಿದ ಸನ್ಯಾಸಿನಿ, ಹೊಳೆಯಾಚೆ ತಗಡಿನ ಗುಡಿಸಲಲ್ಲಿ ಒಬ್ಬಳೇ ಇರುತ್ತಿದ್ದಳು. ಬಾಯಿ ಜೋರು, ಮೊಣಕಾಲು ನೋವು, ಬೀಡಿ ಸೇದುತ್ತಿದ್ದಳು. ಆಶ್ರಮದವರಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಫಗ್ಣು ತೇಪೆ ಹಾಕುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಏನಯ್ಯಾ, ಒಂದೊಂದು ಉಸಿರಿಗೂ ಹೆರಿಗೆ ನೋವು ತಿಂತಾ ಇದೀಯ?"

ಫಗ್ಣು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಮಾಯಿ ಬೀಡಿ ಆರಿಸಿ ಅವನೆದುರು ಸೌದೆ ತುಂಡಿನ ಮೇಲೆ ಕೂತಿದ್ದಳು. ನಗಲಿಲ್ಲ.

"ನನಗೂ ಹಿಂಗೇ ಆಗಿತ್ತು" ಎಂದಳು. "ಗಂಗೋತ್ರಿಯಲ್ಲಿ, ಏಳು ತಿಂಗಳು. ನನ್ನ ಗುರು ಜಪ ಕೊಟ್ಟು ಬದರಿಗೆ ಹೋಗಿಬಿಟ್ಟಿದ್ದ. ಹುಚ್ಚು ಹಿಡೀತು ಅಂತಲೇ ತಿಳ್ಕೊಂಡು ಅಲ್ಲಿಂದ ಹರಿದ್ವಾರದವರೆಗೂ ನಡ್ಕೊಂಡೇ ಬಂದುಬಿಟ್ಟೆ. ಹೇಳೋರು ಒಬ್ಬರೂ ಇರಲಿಲ್ಲ."

"ನಿಮಗೆ ಗುರು ಕೊಟ್ಟಿದ್ದು, ಮಾಯಿ. ನಾನು ಕದ್ದದ್ದು. ಅದೂ ತಿರುವುಮುರುವಾಗಿ. ಅವರು ಸೋ ಒಳಗೆ ಅಂತಾರಂತೆ, ನಾನು ಅರ್ಧ ಕೇಳಿಸ್ಕೊಂಡು ಹಂ ಒಳಗೆ ಅಂದ್ಕೊಂಡೆ."

"ನನ್ನ ಗುರು ಹಂ ಅಂತಲೇ ಒಳಗೆ ತಗೋತಿದ್ದ. ಹಂಸ ಅಂದರೂ ಅದೇ, ಸೋಹಂ ಅಂದರೂ ಅದೇ. ನೀನು ಹುಟ್ಟಿದಾಗ ಸೂಲಗಿತ್ತಿ ಮೊದಲು ಜಾತಿ ಕೇಳಿ ಆಮೇಲೆ ಉಸಿರು ತಗೋ ಅಂದಳೇನೋ? ಅವತ್ತಿಂದ ಜಪ ನಡೀತಾನೇ ಇದೆ. ಅದರಲ್ಲಿ ಕದಿಯೋದೇನು?" ಮಾಯಿ ತಲೆ ಕೆರೆದುಕೊಂಡಳು. "ನೀನು ಕಹಳೆ ಊದ್ತಿದ್ದೋನಲ್ಲವಾ? ಒಂದು ಸಲ ಊದೋ ಹಾಗೆ ತೋರಿಸು."

ಫಗ್ಣು ಎದೆ ತುಂಬಿಕೊಂಡು, ಹೊಟ್ಟೆ ಬಿಗಿದು, ಕೆನ್ನೆ ಉಬ್ಬಿಸಿದ.

"ಈಗ ಜಪ ಮಾಡು."

ಮಾಡಿದ. ಹೊಟ್ಟೆ ಹಾಗೆಯೇ ಬಿಗಿದಿತ್ತು, ಭುಜ ಹಾಗೆಯೇ ಮೇಲೆದ್ದಿತ್ತು.

"ನೋಡಿದೆಯಾ? ನೀನು ಜಪ ಮಾಡ್ತಿಲ್ಲ, ದೇವರ ಪಲ್ಲಕ್ಕಿ ಸೇತುವೆ ದಾಟಿಸ್ತಾ ಇದೀಯ. ಮೂವತ್ತು ವರ್ಷ ಉಸಿರಿಗೆ ಹುಕುಂ ಮಾಡಿದೋನು, ಸುಮ್ಮನೆ ನೋಡು ಅಂದರೆ ಹೆಂಗೆ ನೋಡ್ತೀಯ?" ಎಂದು ಎದ್ದು ನಿಂತಳು. "ಒಂದು ತಿಂಗಳು ಮಂತ್ರ ಬಿಡು. ಯಂತ್ರ ತುಳಿ, ಜಗಳ ಆಡು, ನಿನ್ನ ಹೆಂಡತಿ ಜೊತೆ ಹುಲ್ಲು ಹೊರು. ನಡುವೆ ಯಾವಾಗಲಾದರೂ ಉಸಿರು ನೆನಪಾದರೆ, ಈವರೆಗೆ ಯಾರು ಉಸಿರಾಡ್ತಿದ್ದರು ಅಂತ ಒಂದೇ ಸಲ ಕೇಳ್ಕೋ. ಸಿಕ್ಕಿಹಾಕ್ಕೊಂಡರೆ ಮತ್ತೆ ಹುಲ್ಲು ಹೊರು."

ಒಂದೇ ದಿನಕ್ಕೇನೂ ಸರಿಹೋಗಲಿಲ್ಲ. ಬೈಸಾಖಿಯ ಹಿಂದೆ ಗುಡ್ಡ ಹತ್ತಿ ಹುಲ್ಲಿನ ಹೊರೆ ತಂದ. ಮೂರನೆಯ ದಿನ ಇಳಿಜಾರಿನಲ್ಲಿ ಕಾಲು ಜಾರಿ, ಹೊರೆ ಹಿಡಿದುಕೊಂಡು, ಕೆಳಗೆ ಬಂದು ಬೈಸಾಖಿಗೂ ಗುಡ್ಡಕ್ಕೂ ಸೇರಿಸಿ ಬೈಯುತ್ತಿದ್ದಾಗ ಥಟ್ಟನೆ ನೆನಪಾಯಿತು: ಎಷ್ಟು ಹೊತ್ತಾಯಿತು ಉಸಿರು ನೋಡದೆ! ಮೊದಲು ಹೆದರಿಕೆಯಾಯಿತು. ಆಮೇಲೆ ದಾರಿಯಲ್ಲೇ ಹೊರೆಯ ಮೇಲೆ ಕೂತು ನಗತೊಡಗಿದ. ಬೈಸಾಖಿ ಅವನ ಹಣೆ ಮುಟ್ಟಿ ನೋಡಿದಳು.

ಆಷಾಢದವರೆಗೂ ಆ ಹಿಡಿತ ಬಿಡುತ್ತ, ಮತ್ತೆ ಬಂದು ಕೂರುತ್ತ ಇತ್ತು. ಕ್ಷೌರಕ್ಕೆ ಕೂತಾಗ ಬರುತ್ತಿತ್ತು, ಬಸ್ಸಿಗೆ ಕಾಯುವಾಗ ಬರುತ್ತಿತ್ತು. ಬಂದಾಗೆಲ್ಲ ಎದ್ದು ಓಡಾಡುತ್ತಿದ್ದ. ಒಂದು ದಿನ ಮಾತ್ರ ಸೌದೆಯ ಪಕ್ಕ ಯಂತ್ರ ನಿಲ್ಲಿಸಿ ಕೂತಿದ್ದಾಗ ಉಸಿರು ತಾನಾಗಿ ಬಂತು, ಅಕ್ಷರ ಅದರ ಹಿಂದೆ ಬಂತು. ಫಗ್ಣು ಭುಜ ಅಲ್ಲಾಡಿಸಲಿಲ್ಲ. ಹತ್ತು ಹನ್ನೆರಡು ಸಲ ಬಂದು ಹೋಯಿತು. ಆಮೇಲೆ ಬೆನ್ನು ತುರಿಸಿತು.

ಈ ನಡುವೆ ಮಾಯಿ ಸುಮ್ಮನಿರಲಿಲ್ಲ. ಗುರುಪೂರ್ಣಿಮೆಯ ದಿನ ಅಷ್ಟು ಜನರ ಮುಂದೆ ಮಹಾರಾಜರಿಗೆ, "ಕಿಟಕಿಗೆ ಹಲಗೆ ಹೊಡೆಸಿದೀರಂತೆ. ಹೊಳೆಗೂ ಹೊಡೆಸಿಬಿಡಿ, ಅದೂ ಕೇಳಿಸ್ಕೊಳ್ತಾ ಇದೆ" ಎಂದು ಹೇಳಿ ಊಟಕ್ಕೂ ನಿಲ್ಲದೆ ಹೋದಳು. ಹಲಗೆ ಯಾವಾಗ ತೆಗೆದರೋ ಯಾರೂ ನೋಡಲಿಲ್ಲ. ಮುಂದಿನ ಚೈತ್ರದ ಶಿಬಿರಕ್ಕೆ ಫಗ್ಣುವನ್ನು ಹಜಾರದೊಳಕ್ಕೆ ಕರೆದರು. ಬಡೋನಿಯೇ ಮುಖ ಗಂಟಿಕ್ಕಿಕೊಂಡು ಅವನಿಗೆ ಹಾಸು ತಂದು ಹಾಕಿದ.

ಔಜಿಗಳ ಕೇರಿಯಿಂದ ಆ ಹೊಸಿಲು ದಾಟಿದವನು ಅವನೇ ಮೊದಲು. ಎರಡನೇ ಸಾಲಿನಲ್ಲಿ ಕೂತ. ಮಹಾರಾಜರು ಅವನ ಕಿವಿಯಲ್ಲೂ ಮಂತ್ರ ಹೇಳಿದರು, ಸೋ ಒಳಗೆ, ಹಂ ಹೊರಗೆ. ಫಗ್ಣು ಕೈ ಮುಗಿದ. ಕಣ್ಣು ಮುಚ್ಚಿದ. ಕಾಲು ಜೋಮು ಹಿಡಿಯಿತು. ಮುಂದೆ ಕೂತವರ ಅಂಗಿ ತನ್ನದೇ ಹೊಲಿಗೆ, ಕಂಕುಳಲ್ಲಿ ಬಿಟ್ಟುಹೋಗಿತ್ತು. ಅರ್ಧ ಗಂಟೆಗೇ ಎದ್ದು ಹೊರಗೆ ಬಂದ.

"ಯಾಕೋ? ಇದಕ್ಕೇ ಅಲ್ಲವಾ ಅಷ್ಟು ರಂಪ ಮಾಡಿದ್ದು?" ಎಂದ ಬಡೋನಿ.

"ಕೂತೆನಲ್ಲ, ಬಡೋನಿಜೀ. ನಾಳೆನೂ ಬರ್ತೀನಿ, ಹಾಸು ಎತ್ತಬೇಡಿ. ಈಗ ಆ ಮುಂದಿನವರ ಅಂಗಿ ಕಳಿಸಿ. ಮತ್ತೆ, ಯಂತ್ರ ಜಗಲಿಗೆ ತರಿಸಿ. ಸೌದೆ ಧೂಳು ನನ್ನ ಎದೆಗೆ ಆಗಲ್ಲ."

ಯಂತ್ರ ಜಗಲಿಗೆ ಬಂತು. ಫಗ್ಣು ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ. ಯಾವ ವರ್ಷವೂ ಶಿಬಿರ ಪೂರ್ತಿ ಕೂತು ಮುಗಿಸಲಿಲ್ಲ, ಯಾವ ವರ್ಷವೂ ಬಿಡಲಿಲ್ಲ. ಕೇರಿಯ ಹೆಂಗಸರು, ಮುದುಕರು ಒಬ್ಬೊಬ್ಬರಾಗಿ ಬಂದು ಕೇಳಿದಾಗ ಯಂತ್ರ ತುಳಿಯುತ್ತಲೇ ಹೇಳಿಕೊಟ್ಟ. ಮೊದಲು ಪೇಚಾಗುವ ವಿಷಯ ಹೇಳುತ್ತಿದ್ದ, ಆಮೇಲೆ ಮಂತ್ರ.

ಬೈಸಾಖಿ ಕೇಳಿದ್ದು ಎಲ್ಲರಿಗಿಂತ ಕೊನೆಗೆ, ಒಂದು ಸಂಜೆ ಹುರುಳಿ ಕೇರುತ್ತ. ಅವನು ಬಹಳ ಗಂಭೀರವಾಗಿ ಹೇಳಿಕೊಟ್ಟ. ಅವಳು ಮೊರ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಬೀದಿಯಲ್ಲಿ ಕುರಿಮಂದೆ ಹಾದುಹೋಯಿತು, ಹಾಲಿನವನು ಕೂಗಿ ಕೂಗಿ ಹಿಂದಿರುಗಿದ. ಅವಳು ಅಲುಗಲಿಲ್ಲ. ಕತ್ತಲಾಗುವ ಹೊತ್ತಿಗೆ ಕಣ್ಣು ಬಿಟ್ಟು, "ಇಷ್ಟೇನಾ? ಇದಕ್ಕೆ ನೀವು ಅವತ್ತು ಅಷ್ಟೊಂದು ಒದ್ದಾಡಿದ್ರಾ?" ಎಂದು ಮತ್ತೆ ಮೊರ ಎತ್ತಿಕೊಂಡಳು.

ಫಗ್ಣು ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ.