ಅತ್ತೆಯ ಎರಡನೆಯ ಮಾತು

ಮೀನಿನ ತೊಟ್ಟಿಯ ಹಳೆ ನೀರನ್ನು ಅಂಗಳದ ಮಲ್ಲಿಗೆ ಗಿಡಕ್ಕೆಂದು ಬಕೆಟ್ಟಿಗೆ ಇಳಿಸಲು ರಬ್ಬರ್ ಕೊಳವೆಯನ್ನು ಬಾಯಿಗಿಟ್ಟು ಹೀರಬೇಕು, ಅಷ್ಟರಲ್ಲಿ ಅತ್ತೆ ಅದನ್ನು ಕಿತ್ತುಕೊಂಡರು. ಅದು ಅರವತ್ತರ ದಶಕ. ಗಂಗಾನಗರದ ಆ ಮನೆಗೆ ನಾನು ಹೊಸ ಸೊಸೆ. ಗಾಜಿನ ತೊಟ್ಟಿ ನನ್ನ ತವರಿನದು.

"ದೇವರಿಗೆ ಮುಡಿಸೋ ಮಲ್ಲಿಗೆ ಗಿಡಕ್ಕೆ ಎಂಜಲು ನೀರು ಹಾಕ್ತೀಯಾ?"

ತೊಟ್ಟಿ ಇನ್ನು ಮನೆಯಲ್ಲಿ ಉಳಿಯದು ಎಂದುಕೊಂಡೆ. ಆದರೆ ಅವರು ಕೊಳವೆಯನ್ನು ಇನ್ನೊಂದು ಬಕೆಟ್ಟಿನ ಶುದ್ಧ ನೀರಿನಲ್ಲಿ ಮುಳುಗಿಸಿ ತುಂಬಿಸಿದರು. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒಂದನ್ನು ತೊಟ್ಟಿಯೊಳಗೆ ಅದ್ದಿ, ಇನ್ನೊಂದನ್ನು ನೆಲದ ಮೇಲಿದ್ದ ಖಾಲಿ ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರು. ನೀರು ತಾನಾಗಿಯೇ ಹರಿಯಿತು.

ಆಮೇಲೆ ಮೆಲ್ಲಗೆ ಹೇಳಿದರು: "ಆ ಕೊಳಕು ನಿನ್ನ ಹೊಟ್ಟೆಗೆ ಹೋದ್ರೆ ಏನಮ್ಮ ಗತಿ?"

ಮುಂದೆ ಅವರು ಗದರಿದಾಗಲೆಲ್ಲ ನಾನು ಅಳಲಿಲ್ಲ, ಎರಡನೆಯ ಮಾತಿಗೆ ಕಾದೆ. ಅದು ಬರದೇ ಇದ್ದದ್ದೇ ಇಲ್ಲ.