ಉರಿ ನಿಂತ ಅಂಗೈ

2023ರಲ್ಲಿ ನಾನು ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ಸ್ನಾತಕೋತ್ತರ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಆ ವಯಸ್ಸಿನಲ್ಲಿ ಬೇರೆಯವರು ಪಿಂಚಣಿಯ ಕಾಗದಪತ್ರ ಸರಿಮಾಡಿಕೊಳ್ಳುತ್ತಾರೆ. ನನ್ನದು ಕೂತಲ್ಲಿ ಕೂರಲಾಗದ ಸ್ವಭಾವ. ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಭಾನುವಾರಗಳಂದು ಊರೂರಿನ ಯುವಕ ಮಂಡಲಗಳಿಗೆ ಹೋಗಿ ಪ್ರಯೋಗ ಮಾಡಿಸುವ ಕೆಲಸ ಹಚ್ಚಿಕೊಂಡಿದ್ದೆ. ಭಾಷಣ ಕೂಡದು, ಬಂದವರ ಕೈಗೆ ಸಾಮಾನು ಕೊಡಬೇಕು ಎಂಬುದೊಂದೇ ನಿಯಮ. ಪಾಠ ಮಾಡುವವರು ವಿದ್ಯಾರ್ಥಿಗಳು, ಹಿಂದಿನ ಬೆಂಚಿನಲ್ಲಿ ಚಡಪಡಿಸುವವನು ನಾನು.

ಜುಲೈ ಕೊನೆಯ ಭಾನುವಾರ ಗಂಗೊಳ್ಳಿಯ ಸರದಿ ಬಂತು. ಅಲ್ಲಿಯ ಹುಡುಗಿ ರಕ್ಷಿತಾ ನನ್ನ ವಿದ್ಯಾರ್ಥಿನಿ. ಅವಳ ತಂದೆ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟನ್ನೂ ಅದರ ಆಳುಗಳನ್ನೂ ನಡೆಸುವ ಹಿರಿಯ. ಐಸ್ ಪ್ಲಾಂಟಿನ ಉಪ್ಪುನೀರಿನ ತೊಟ್ಟಿಯನ್ನು ಊರಿನವರೆಲ್ಲ ನೋಡಿದ್ದಾರೆ, ಸೊನ್ನೆಗಿಂತ ಕೆಳಗಿದ್ದರೂ ಆ ನೀರು ಯಾಕೆ ಗಟ್ಟಿಯಾಗುವುದಿಲ್ಲ ಎಂಬುದನ್ನೇ ಪಾಠ ಮಾಡೋಣ ಎಂದಳು. ನನಗೆ ಖುಷಿಯಾಯಿತು. ಪುಡಿ ಐಸಿಗೆ ಕಲ್ಲುಪ್ಪು ಬೆರೆಸಿದರೆ ಐಸ್ ಕರಗತೊಡಗುತ್ತದೆ, ಕರಗುವುದಕ್ಕೆ ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ, ಹಾಗಾಗಿ ಮಿಶ್ರಣ ಬರೀ ಐಸಿಗಿಂತ ಬಹಳ ತಣ್ಣಗಾಗುತ್ತದೆ. ಬಕೆಟ್ಟಿಗೆ ಇಳಿಬಿಟ್ಟ ಥರ್ಮಾಮೀಟರ್ ಮೈನಸ್ ಹದಿನೈದರ ಹತ್ತಿರ ನಿಂತಿತು. "ಇದನ್ನ ಮುಟ್ಬೇಡಿ, ಐಸಿಗಿಂತ ಜೋರು ತಂಪು ಇತ್ತ್" ಎಂದು ರಕ್ಷಿತಾ ಎರಡು ಸಲ ಹೇಳಿದಳು.

ಆ ಎಚ್ಚರಿಕೆಯೇ ಎಡವಟ್ಟಾಯಿತು. ಮಳೆಗಾಲದ ಮೊದಲ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಕೆಲಸವಿಲ್ಲದೆ ಕೂತ ಅಲ್ಲಿಯ ಹುಡುಗರಿಗೆ ಒಂದು ಪಂದ್ಯ ಇದೆ: ಮುಷ್ಟಿಯಲ್ಲಿ ಐಸ್ ಹಿಡಿದು ನಿಲ್ಲುವುದು. ಮೊದಲು ಬಿಟ್ಟವನು ಎಲ್ಲರಿಗೂ ಚಾ ಕುಡಿಸಬೇಕು. ಸಂದೀಪ ಎಂಬ ಇಪ್ಪತ್ತರ ತರುಣ ಆ ಪಂದ್ಯದಲ್ಲಿ ಸೋತವನೇ ಅಲ್ಲವಂತೆ. ರಕ್ಷಿತಾ ಇನ್ನೊಂದು ಬಕೆಟ್ ಸಿದ್ಧಮಾಡಲು ಆಚೆ ತಿರುಗಿದ್ದೇ ತಡ, ಅವನು ಉಪ್ಪು ಬೆರೆತ ಐಸನ್ನು ಮುಷ್ಟಿ ತುಂಬ ಎತ್ತಿಕೊಂಡ.

"ಹ್ವಾಯ್ ಟೀಚರ್, ಐಸ್ ನಮ್ಗೆ ಹೊಸ್ತಾ?" ಎಂದು ಅವನು ಕೂಗಿದಾಗ ಎಲ್ಲರೂ ನಕ್ಕರು. ಅವಳು ಓಡಿಬಂದು ಕೈ ಬಿಡಿಸುವಷ್ಟರಲ್ಲಿ ಅಂಗೈ ಮೇಣದಂತೆ ಬೆಳ್ಳಗಾಗಿತ್ತು. ಗೆಳೆಯನೊಬ್ಬ ಕುದಿಯುವ ಚಾದ ನೀರನ್ನೇ ಸುರಿಯಲು ಹೊರಟಿದ್ದ. ರಕ್ಷಿತಾ ಅವನನ್ನು ತಳ್ಳಿ, ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಸಿ, ರಿಕ್ಷಾ ಹಿಡಿಸಿದಳು. ನಾನು ಎಲ್ಲರನ್ನೂ ಬೈಯುತ್ತಲೇ ರಿಕ್ಷಾ ಹತ್ತಿದೆ.

ಕುಂದಾಪುರದ ವೈದ್ಯರು ಇದು ಬೆಂಕಿಯಿಂದ ಅಲ್ಲದ ಸುಟ್ಟಗಾಯ, ಚರ್ಮದ ಒಳಗಿನ ನೀರೇ ಹೆಪ್ಪುಗಟ್ಟಿದೆ ಎಂದರು. ಗುಳ್ಳೆ ಏಳುವುದು ಸಹಜ. ಭಯ ಇರುವುದು ಬೆರಳುಗಳ ಬಗ್ಗೆ: ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತಿಲ್ಲ, ಸಂವೇದನೆ ಮರಳುತ್ತದೋ ಇಲ್ಲವೋ ಕಾದು ನೋಡಬೇಕು. ಆಗಸ್ಟ್ ಮೊದಲ ವಾರ ಬೋಟುಗಳು ಕಡಲಿಗಿಳಿಯುತ್ತವೆ. ಸಂದೀಪನಿಗೆ ಜಾಗ ಸಿಕ್ಕಿದ್ದು ರಕ್ಷಿತಾಳ ತಂದೆಯ ಬೋಟಿನಲ್ಲೇ, ಅದೂ ಮೊದಲ ಸಲ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

ಮರುದಿನ ನಾನು ತಾಂಡೇಲರ ಮನೆಗೆ ಹೋಗಿ, ಹುಡುಗನ ಜಾಗ ಉಳಿಸಿ ಎಂದು ಕೇಳಿಕೊಂಡೆ. ಅವರು ಒರಟರಲ್ಲ, ಆದರೆ ಬಗ್ಗಲಿಲ್ಲ.

"ಮೇಷ್ಟ್ರೆ, ಕೈಯಲ್ಲಿ ಜೀವ ಇಲ್ದೆ ಹಗ್ಗ ಹಿಡುಕೆ ಆತಿಲ್ಲೆ. ಹಗ್ಗ ಜಾರ್ರೆ ಅವ ಒಬ್ನೇ ಅಲ್ಲ, ಎಲ್ಲರೂ ಹೋತ್ರ್. ಬೆರಳಿಗೆ ಗೊತ್ತಾತ್ತ್ ಅಂತ ಡಾಕ್ಟ್ರು ಹೇಳ್ಲಿ, ಆಗ ಕಾಂಬ."

ಬಾಗಿಲ ಬಳಿ ನಿಂತಿದ್ದ ರಕ್ಷಿತಾ, "ಅಪ್ಪಯ್ಯ, ಆ ಪಂದ್ಯ ನಂಗೂ ಗೊತ್ತಿತ್ತ್. ಮುಟ್ಬೇಡಿ ಅಂದ್ರೆ ಮುಟ್ತ್ರ್ ಅಂತ ಹೊಳಿಲೇ ಇಲ್ಲೆ" ಎಂದು ಅತ್ತುಬಿಟ್ಟಳು. ತಾಂಡೇಲರು ಮಗಳ ತಲೆ ಸವರಿದರು, ಜಾಗದ ವಿಷಯ ಮಾತ್ರ ಎತ್ತಲಿಲ್ಲ.

ಆ ವಾರ ನನಗೆ ಊಟ ಸೇರಲಿಲ್ಲ. ಪ್ರಿನ್ಸಿಪಾಲರು ಬೆಳಿಗ್ಗೆ ಸಂಜೆ ಫೋನ್ ಮಾಡಿ, ಬಿಜೂರಿನ ಮುಂದಿನ ಕಾರ್ಯಕ್ರಮ ರದ್ದು ಮಾಡಿ, ಊರ ಉಸಾಬರಿ ನಮಗ್ಯಾಕೆ ಎನ್ನುತ್ತಿದ್ದರು. ಬ್ರಹ್ಮಾವರದ ಮನೆಯಲ್ಲಿ ಹೆಂಡತಿ, "ನೀವು ಹೀಗೆ ಶತಪಥ ತಿರುಗಿದ್ರೆ ಅವನ ಕೈ ವಾಸಿಯಾಗ್ತದಾ?" ಎಂದು ಛೇಡಿಸಿದಳು. ನಾನು ಬಸ್ ಹತ್ತಿ ಮತ್ತೆ ಗಂಗೊಳ್ಳಿಗೇ ಹೋಗುತ್ತಿದ್ದೆ. ರಕ್ಷಿತಾ ದಿನವೂ ಸಂದೀಪನ ಮನೆಯಲ್ಲಿರುತ್ತಿದ್ದಳು. ಅವನ ತಾಯಿ ಮೊದಲೆರಡು ದಿನ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಅದು ನ್ಯಾಯವೇ ಅನ್ನಿಸಿತು.

ಒಂದು ಸಂಜೆ ನಾನು ಸಿಟ್ಟಿನಿಂದಲೇ ಸಂದೀಪನನ್ನು ಕೇಳಿದೆ, "ಅಷ್ಟು ಉರಿಯುವಾಗ ಬಿಡಲಿಕ್ಕೆ ಏನಾಗಿತ್ತು ನಿನಗೆ?"

"ಸುರುವಿಗೆ ಜೋರು ಉರೀತ್ ಸರ್. ಮತ್ತೆ ಎಂತದೂ ಗೊತ್ತಾಯ್ಲೆ. ಉರಿ ನಿಂತ್ಕೂಡ್ಲೆ ಗೆದ್ದೆ ಅಂದ್ಕಂಡೆ."

ನನ್ನ ಸಿಟ್ಟು ಇಳಿಯಿತು. ಐಸ್ ಹಿಡಿದು ಅಭ್ಯಾಸವಿಲ್ಲದವನು ಉರಿ ತಾಳದೆ ಬಿಟ್ಟುಬಿಡುತ್ತಿದ್ದ. ಇವನ ಕೈ ತಾಳಿಕೊಂಡು ಪಳಗಿತ್ತು, ಆ ಪಳಗಿದ ಕೈಯೇ ಅವನಿಗೆ ಮುಳುವಾಯಿತು.

ಬೋಟುಗಳು ಹೊರಡುವ ಹಿಂದಿನ ದಿನ ಬ್ಯಾಂಡೇಜ್ ಬದಲಿಸಲು ಕರೆದಿದ್ದರು. ತಾಂಡೇಲರೂ ಬಂದು ಗೋಡೆಗೆ ಒರಗಿ ನಿಂತರು. ವೈದ್ಯರು ಸಂದೀಪನ ಮುಖ ಆಚೆ ತಿರುಗಿಸಿ, ಬೆರಳ ತುದಿಗೆ ಸೂಜಿ ತಾಗಿಸಿದರು. ಕಿರುಬೆರಳಿಗೆ ಏನೂ ಇಲ್ಲ. ಉಂಗುರ ಬೆರಳಿಗೂ ಇಲ್ಲ. ರಕ್ಷಿತಾ ನನ್ನ ತೋಳು ಹಿಡಿದುಕೊಂಡಳು. ನಡುಬೆರಳಿಗೆ ಸೂಜಿ ತಾಗಿದ್ದೇ, "ಅಯ್ಯಯ್ಯೋ, ಉರಿತ್ತ್! ಉರಿತ್ತ್ ಮಾರಾಯ್ರೆ!" ಎಂದು ಅವನು ಕುರ್ಚಿಯಿಂದ ಎದ್ದೇಬಿಟ್ಟ. ಇನ್ನೊಬ್ಬರ ನೋವಿನ ಕೂಗು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಇನ್ನೂ ಮರಗಟ್ಟಿರುವ ಎರಡು ಬೆರಳುಗಳೂ ನಿಧಾನಕ್ಕೆ ಸರಿಹೋದಾವು ಎಂದರು ವೈದ್ಯರು.

"ಈ ಸಲ ಆತಿಲ್ಲೆ. ಎಲ್ಲ ಬೆರಳೂ ಉರಿಲಿ, ಮತ್ತೆ ಬಾ. ಜಾಗ ಇತ್ತ್" ಎಂದರು ತಾಂಡೇಲರು. ಸಂದೀಪ ಚೌತಿ ಕಳೆದ ಮೇಲೆ ಬೋಟು ಹತ್ತಿದ.

ಬಿಜೂರಿನ ಕಾರ್ಯಕ್ರಮವನ್ನು ನಾವು ರದ್ದು ಮಾಡಲಿಲ್ಲ, ಮುಂದೂಡಿದೆವು. ಅಲ್ಲಿ ರಕ್ಷಿತಾ ಪ್ರಯೋಗಕ್ಕೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನೀವು ಎಂತ ಪಂದ್ಯ ಕಟ್ತ್ರಿ?" ಗದ್ದೆಯ ಹುಡುಗರು ನಾಚಿಕೊಂಡು ಒಂದೊಂದೇ ಹೇಳಿದರು.

ನಾನು ಮೂವತ್ತು ವರ್ಷ ಪಾಠ ಮಾಡಿದವನು. ಮೊದಲಿಗೆ ಮಕ್ಕಳು ತಕರಾರು ಮಾಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಬರಬರುತ್ತಾ ತಣ್ಣಗಾಗುತ್ತಾರೆ. ಉರಿ ನಿಂತಾಗ ಸಂದೀಪ ಗೆದ್ದೆ ಅಂದುಕೊಂಡಂತೆ, ನಾವೂ ಅವರಿಗೆ ಅರ್ಥವಾಯಿತು ಎಂದುಕೊಂಡು ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಈಗಲೂ ಯಾರಾದರೂ ಕರೆದರೆ ಪಾಠಕ್ಕೆ ಹೋಗುತ್ತೇನೆ. ಕ್ಲಾಸು ಪೂರ್ತಿ ಸದ್ದಿಲ್ಲದೆ ಕೂತರೆ ಪಾಠ ಅಲ್ಲಿಗೇ ನಿಲ್ಲಿಸಿ, ಯಾರಾದರೂ ಒಬ್ಬರು ಗೊತ್ತಾಗಲಿಲ್ಲ ಎನ್ನುವವರೆಗೂ ಕಾಯುತ್ತೇನೆ.